ಒಮ್ಮೆ ವಾಪಸ್ ಹೇಳಿ

ಅವರು ಫೈಲುಗಳನ್ನು ಎದೆಗವಚಿಕೊಂಡು ಬರುತ್ತಿರಲಿಲ್ಲ. ಎಡಗೈಯನ್ನು ಮುಂದಕ್ಕೆ ಚಾಚಿ, ಅಂಗೈಯಿಂದ ಮೊಣಕೈ ದಾಟುವವರೆಗೂ ಒಂದರ ಅಂಚಿನ ಮೇಲೆ ಇನ್ನೊಂದನ್ನು ಜೋಡಿಸಿಕೊಂಡು, ಬಲಗೈಯಲ್ಲಿ ಟೀ ಲೋಟ ಹಿಡಿದು, ಮೇಜುಗಳ ನಡುವಿನ ಇಕ್ಕಟ್ಟಿನಲ್ಲಿ ಸೊಂಟ ಓರೆ ಮಾಡಿಕೊಂಡು ಸರಸರನೆ ಬರುತ್ತಿದ್ದರು. ಒಂದು ಹಾಳೆಯೂ ಬೀಳುತ್ತಿರಲಿಲ್ಲ. ಹೋಟೆಲಿನಲ್ಲಿ ದೋಸೆಯ ತಟ್ಟೆಗಳನ್ನು ಹೊತ್ತು ತರುವ ಸಪ್ಲಯರುಗಳನ್ನು ನೋಡಿದವರಿಗೆ ಆ ಕೈ ಎಲ್ಲಿ ಪಳಗಿದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಆಫೀಸು ಕತ್ತೆತ್ತಿ ನೋಡುತ್ತಿತ್ತು. ನಾನು ಮಾತ್ರ ಬೇಕೆಂದೇ ತಲೆ ತಗ್ಗಿಸಿ ನಕ್ಷೆಗೆ ಬಣ್ಣ ತುಂಬುತ್ತಿದ್ದೆ.

ಅದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಚಂದ ಮಾಡುವ ಆಸೆ ನನಗಿಲ್ಲ. ಅವರು ನಮ್ಮ ಆಫೀಸಿಗೆ ಬಂದ ಮೊದಲ ವಾರವೇ ಅದು ಹತ್ತಿಕೊಂಡಿತು, ಅವರು ಹೋಗಿ ಇಷ್ಟು ಕಾಲವಾದರೂ ಪೂರ್ತಿ ಆರಿಲ್ಲ.

ನಮ್ಮದು ಸೈದಾಪೇಟೆಯಲ್ಲಿ ಮಹಡಿಯ ಮೇಲಿದ್ದ ಸಣ್ಣ ಆಫೀಸು. ಊರುಗಳ ಬೆಳವಣಿಗೆಗೆ ಯೋಜನೆ ಬರೆದುಕೊಡುವ ಕೆಲಸ. ಮಂಡ್ಯದ ಕಡೆಯ ನಾನು ಮದುವೆಯಾಗಿ ಚೆನ್ನೈಗೆ ಬಂದು, ಓದಿದ್ದು ವ್ಯರ್ಥವಾಗದಿರಲಿ ಎಂದು ಅಲ್ಲಿ ಸೇರಿದ್ದೆ. ಅವರು ಬಂದದ್ದು ನನ್ನ ನಂತರ, ಆದರೆ ವಯಸ್ಸಿನಲ್ಲಿ ದೊಡ್ಡವರು. ಉಡುಪಿ ಕಡೆಯವರು. ಅವರ ತಂದೆ ತಾಂಬರಂಗೆ ಮುಂಚಿನ ಒಂದು ರೈಲ್ವೆ ಸ್ಟೇಷನ್ನಿನ ಎದುರು ಸಸ್ಯಾಹಾರಿ ಹೋಟೆಲು ಇಟ್ಟಿದ್ದರು. ಕೆಳಗೆ ಹೋಟೆಲು, ಮೇಲೆ ಮನೆ. "ನಾನು ಹುಟ್ಟಿದ್ದೇ ಮಿಶ್ರ ವಲಯದಲ್ಲಿ" ಎಂದು, ಮನೆ ಅಂಗಡಿ ಎರಡೂ ಇರುವ ಜಾಗಕ್ಕೆ ನಮ್ಮ ಕಸುಬಿನಲ್ಲಿರುವ ಹೆಸರನ್ನೇ ಹೇಳಿಕೊಂಡು ಅವರು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ತಮಿಳನ್ನು ತಮಿಳರ ಹಾಗೆಯೇ ಆಡುತ್ತಿದ್ದರು. ನನ್ನ ತಮಿಳು ತರಕಾರಿ ಅಂಗಡಿಯವರೆಗೆ ಮಾತ್ರ ಸಾಕಾಗುತ್ತಿತ್ತು. ಬಂದ ಕೆಲವೇ ದಿನಗಳಲ್ಲಿ ಆಫೀಸು ನಡೆಸುತ್ತಿದ್ದ ನಮ್ಮ ಸಾರ್ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಅವರನ್ನು ಅಕ್ಕ ಎಂದು ಕರೆಯತೊಡಗಿದರು. ತಮಿಳಿನಲ್ಲೂ ಅಕ್ಕ ಅಕ್ಕನೇ ಆದ್ದರಿಂದ ಅದು ಎಲ್ಲರ ಬಾಯಿಗೂ ಒಗ್ಗಿತು. ನನ್ನ ಬಾಯಿಗೆ ಒಗ್ಗಲಿಲ್ಲ. ಆಫೀಸಿಗೆ ಮೊದಲು ಬಂದವಳು ನಾನು ಎಂಬ ಬಿಂಕ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕ್ರೋಂಪೇಟೆಯ ಆಚೆಗಿನ ಒಂದು ನಗರಸಭೆಯವರು ತಮ್ಮ ವಲಯ ನಿಯಮಗಳನ್ನು ಹೊಸದು ಮಾಡಿ, ಸರಳ ಮಾಡಿ ಕೊಡಿ ಎಂದು ನಮ್ಮ ಆಫೀಸಿಗೆ ಒಪ್ಪಿಸಿದರು. ಊರಿನ ಯಾವ ಭಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಇರಬಹುದು ಎಂದು ಹೇಳುವ ನಿಯಮಗಳು ಅವು. ಹಳೆಯ ಪುಸ್ತಕ ದಿಂಬಿನಷ್ಟು ದಪ್ಪವಿತ್ತು. ವಸತಿ ವಲಯದಲ್ಲಿ ನಡೆಸಬಹುದಾದ ಕಸುಬುಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ ಪಟ್ಟಿ ಮಾಡಿದ್ದರು. ಸೈಕಲ್ ರಿಪೇರಿಗೆ ಅವಕಾಶವಿತ್ತು, ಛತ್ರಿ ರಿಪೇರಿಗೆ ಅವಕಾಶವಿತ್ತು. ಬೀದಿ ಬೀದಿಯಲ್ಲಿ ತಲೆಯೆತ್ತಿದ್ದ ಎಸ್‌ಟಿಡಿ ಬೂತಾಗಲಿ, ಹೊಸದಾಗಿ ಬರುತ್ತಿದ್ದ ಬ್ರೌಸಿಂಗ್ ಸೆಂಟರಾಗಲಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದು ನಡೆದರೆ ತಪ್ಪು. ಹಾಗಾಗಿ ಆ ಊರಿನ ಅರ್ಧ ಜನ ತಮಗೇ ಗೊತ್ತಿಲ್ಲದೆ ತಪ್ಪಿತಸ್ಥರಾಗಿದ್ದರು, ಯಾರಾದರೂ ದೂರು ಕೊಟ್ಟಾಗ ನಗರಸಭೆಯ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ವಸತಿ ಅಧ್ಯಾಯ. ಅದನ್ನು ನೀನೇ ಬರಿ ಎಂದು ಸಾರ್ ನನಗೆ ಮಾತು ಕೊಟ್ಟಿದ್ದರು. ನನ್ನ ಜೀವನದಲ್ಲಿ ನನ್ನದೇ ಎಂದು ಹೇಳಿಕೊಳ್ಳುವ ಮೊದಲ ಕೆಲಸ ಅದು. ಗಂಡನ ಊರಿಗೆ, ಗಂಡನ ಮನೆಗೆ ಬಂದವಳು ನಾನು. ಈ ಪರಊರಿನ ಒಂದು ತುಂಡಾದರೂ ನಾನು ಬರೆದ ಹಾಗೆ ನಡೆಯಬೇಕೆಂಬ ಆಸೆ ನನ್ನನ್ನು ಹಿಡಿದಿತ್ತು. ಎಲೆಕ್ಟ್ರಿಕ್ ಟ್ರೈನಿನ ಹೆಂಗಸರ ಡಬ್ಬಿಯಲ್ಲಿ ಕೂತಾಗಲೂ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ. ಪುಟಗಟ್ಟಲೆ ಇದ್ದ ಪಟ್ಟಿಯನ್ನು ಕಿತ್ತುಹಾಕಿ ಅದರ ಜಾಗಕ್ಕೆ ಒಂದೇ ವಾಕ್ಯ ತಂದೆ. ಮನೆಯ ನಿವಾಸಿಗಳು ಮಾತ್ರ ಸೇರಿ ಮನೆಯೊಳಗೆ ನಡೆಸುವ ಕಸುಬು ಯಾವುದೇ ಆಗಲಿ, ಅದಕ್ಕೆ ಅನುಮತಿ ಬೇಕಿಲ್ಲ. ಸಾರ್ ಓದಿ ತಲೆದೂಗಿದರು. ನಾನು ಅಂದು ಸಂಜೆ ಮನೆಗೆ ಸಿಹಿ ಕಟ್ಟಿಸಿಕೊಂಡು ಹೋದೆ.

ಮರುದಿನ ಮೇಡಂ ಆ ಹಾಳೆಯನ್ನು ಕೈಮೇಲಿನ ಫೈಲುಗಳ ಸಾಲಿಗೆ ಸೇರಿಸಿಕೊಂಡು, "ಬನ್ನಿ ಮಾರಾಯ್ರೆ, ಒಮ್ಮೆ ವಾಪಸ್ ಹೇಳಿಸಿ ನೋಡುವ" ಎಂದರು.

ಇದು ಅವರ ಪದ್ಧತಿ. ಅವರ ತಂದೆಯ ಹೋಟೆಲಿನಲ್ಲಿ ಸಪ್ಲಯರ್ ಹೊರಗಿನಿಂದ "ಎರಡು ಮಸಾಲೆ, ಒಂದು ಸಾದಾ" ಎಂದು ಕೂಗಿದರೆ, ಅಡುಗೆಮನೆಯಿಂದ "ಎರಡು ಮಸಾಲೆ, ಒಂದು ಸಾದಾ" ಎಂಬ ದನಿ ವಾಪಸ್ ಬರಬೇಕಿತ್ತು. ವಾಪಸ್ ಬರುವವರೆಗೆ ಅದು ಆರ್ಡರೇ ಅಲ್ಲ ಎಂದು ಅವರಪ್ಪ ಹೇಳುತ್ತಿದ್ದರಂತೆ. ಇವರು ಅದನ್ನು ಕಾನೂನಿಗೂ ಹಚ್ಚಿದರು. ನಿಯಮ ಯಾರಿಗೆ ಅನ್ವಯಿಸುತ್ತದೋ ಅವರ ಮುಂದೆ ನಿಂತು ತಮಿಳಿನಲ್ಲಿ ಓದಬೇಕು. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ವಾಪಸ್ ಹೇಳಬೇಕು. ಸರಿಯಾಗಿ ಬಂದರೆ ಅವರು "ಸರಿ ಉಂಟು" ಎಂದು ಹಾಳೆಯ ಮೂಲೆಯಲ್ಲಿ ಗೀಟು ಎಳೆಯುತ್ತಿದ್ದರು. ತಪ್ಪಾಗಿ ಬಂದರೆ ಗೀಟು ಇಲ್ಲ.

ನನ್ನ ವಾಕ್ಯವನ್ನು ತೆಗೆದುಕೊಂಡು ಹೋಗಿದ್ದು ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರುವ ಹೆಂಗಸೊಬ್ಬಳ ಹತ್ತಿರ. ಆಕೆ ಕೈ ಒರೆಸಿಕೊಂಡು ಕೇಳಿಸಿಕೊಂಡಳು. ಆಮೇಲೆ ತಮಿಳಿನಲ್ಲಿ ನಿಧಾನವಾಗಿ ಹೇಳಿದಳು: ಅಂದರೆ ಇನ್ನು ಮೇಲೆ ಪಕ್ಕದ ಮನೆಯವಳು ಬಂದು ಉದ್ದು ತೊಳೆದುಕೊಡುವ ಹಾಗಿಲ್ಲ, ನನಗೆ ಜ್ವರ ಬಂದರೆ ಅವಳು ಗ್ರೈಂಡರ್ ಹಾಕುವ ಹಾಗೂ ಇಲ್ಲ.

"ಹಾಗೆ ಬರೆದಿಲ್ಲ" ಎಂದೆ ನಾನು.

"ಹಾಗೇ ಬರೆದದ್ದು ಮಾರಾಯ್ರೆ" ಎಂದರು ಮೇಡಂ, ನಗುತ್ತಾ. "ವಾಕ್ಯ ಚಂದ ಉಂಟು. ಆದ್ರೆ ವಾಪಸ್ ಬರುವಾಗ ಬೇರೆ ಆಗಿ ಬಂತಲ್ಲ. ಅವಳದ್ದು ತಪ್ಪಲ್ಲ."

ಅವರು ದನಿ ಏರಿಸಿದ್ದರೆ ನನಗೂ ಜಗಳವಾಡಲು ಸುಲಭವಾಗುತ್ತಿತ್ತು. ಅವರಿಗೆ ನನ್ನನ್ನು ಗೆದ್ದೆನೆಂಬ ಸುಳಿವೇ ಇರಲಿಲ್ಲ, ಅದೇ ನನ್ನನ್ನು ಉರಿಸಿದ್ದು. ವಾಪಸ್ ಬರುವಾಗ ಆ ಹೆಂಗಸು ಅವರ ಕೈಗೆ ಒಂದು ಡಬ್ಬಿ ಹಿಟ್ಟು ಕೊಟ್ಟು "ಅಕ್ಕಾ, ಮತ್ತೆ ಬನ್ನಿ" ಎಂದಳು. ನನಗೆ ಬರಬೇಡ ಎನ್ನಲಿಲ್ಲ, ಅಷ್ಟೆ. ವಿಷಯ ಕೇಳಿದ ಸಾರ್, ಇನ್ನು ಮುಂದೆ ವಸತಿ ಅಧ್ಯಾಯವನ್ನು ಇಬ್ಬರೂ ಸೇರಿ ಬರೆಯಿರಿ ಎಂದುಬಿಟ್ಟರು. ನಾನು ಒಲೆಗಿಟ್ಟ ಪಾತ್ರೆಗೆ ಬೇರೊಬ್ಬರು ಸೌಟು ಹಾಕಿದ ಹಾಗಾಯಿತು.

ಸೇರಿ ಬರೆಯುವುದೆಂದರೆ ಭಾನುವಾರಗಳೂ ಹೋದವು. ಮೇಡಂ ನಮ್ಮ ಮನೆಗೆ ಬರುತ್ತಿದ್ದರು. ನಡುಮನೆಯ ನೆಲದ ಮೇಲೆ ಊರಿನ ನಕ್ಷೆ ಹಾಸಿ, ನಾಲ್ಕು ಮೂಲೆಗೂ ನಮ್ಮ ಮನೆಯ ಪಾತ್ರೆಗಳನ್ನೇ ಹೇರಿಟ್ಟು, ತಾವೂ ನೆಲದಲ್ಲೇ ಕೂರುತ್ತಿದ್ದರು.

ಆಗ ನನ್ನ ಮಗಳಿಗೆ ಎಂಟು ವರ್ಷ. ಇಲ್ಲಿಯ ಶಾಲೆ, ಇಲ್ಲಿಯ ಗೆಳತಿಯರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದುದು ತಮಿಳು. ನಾನು "ಬಾರೇ, ಊಟ ಮಾಡು" ಎಂದರೆ "ಅಪ್ಪುರಂ ಸಾಪ್ಡ್ರೇನ್‌ಮಾ" ಎಂದು, ಆಮೇಲೆ ತಿನ್ನುವುದನ್ನೂ ತಮಿಳಿನಲ್ಲೇ ಹೇಳಿ ಓಡುತ್ತಿದ್ದಳು. ಬೈದು ನೋಡಿದ್ದೆ, ಮುದ್ದು ಮಾಡಿ ನೋಡಿದ್ದೆ, ತಮಿಳಿನಲ್ಲಿ ಕೇಳಿದರೆ ಕೊಡುವುದಿಲ್ಲ ಎಂದು ಚಾಕಲೇಟು ಎತ್ತಿಟ್ಟೂ ನೋಡಿದ್ದೆ. ಮಂಡ್ಯದಿಂದ ನಮ್ಮಮ್ಮ ಫೋನ್ ಮಾಡಿದಾಗ ಮೊಮ್ಮಗಳ ಮಾತನ್ನು ನಾನು ಅನುವಾದ ಮಾಡಿ ಹೇಳಬೇಕಾಗಿತ್ತು. ಅದರಷ್ಟು ನಾಚಿಕೆ ನನಗೆ ಬೇರೆ ಯಾವುದರಿಂದಲೂ ಆಗಿದ್ದಿಲ್ಲ.

ಒಂದು ಭಾನುವಾರ ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ನಡುಮನೆಯಿಂದ ಮೇಡಂ ದನಿ ಕೇಳಿಸಿತು.

"ಇದೆಂತ? ಇದು ಶಾಲೆ. ಶಾಲೆಯ ಎದುರು ದೊಡ್ಡ ಸದ್ದು ಮಾಡುವ ಮಿಷನ್ ಇಡ್ಲಿಕ್ಕಿಲ್ಲ. ಹಾಂ, ಈಗ ನೀನು ಅಡುಗೆಮನೆಯವಳು. ನಾನು ಸಪ್ಲಯರ್. ಒಮ್ಮೆ ವಾಪಸ್ ಹೇಳು ನೋಡುವ."

ಆಮೇಲೆ ನನ್ನ ಮಗಳು ಹೇಳಿದಳು: "ಶಾಲೆ ಎದುರು ದೊಡ್ಡ ಸದ್ದಿನ ಮಿಷನ್ ಇಡ್ಲಿಕ್ಕಿಲ್ಲ."

"ಸರಿ ಉಂಟು" ಎಂದರು ಮೇಡಂ.

ಹೆತ್ತವಳು ನಾನು. ನನ್ನ ಮಗಳ ಬಾಯಿಂದ ಮೊದಲ ಪೂರ್ತಿ ಕನ್ನಡ ವಾಕ್ಯವನ್ನು ಬೇರೆಯವರು ಹೊರಡಿಸಿದ್ದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ಈಳಿಗೆಮಣೆಯ ಮುಂದೆ ಕೂತಿದ್ದ ನನಗೆ ಕಣ್ಣು ತುಂಬಿ ಬಂತು, ಅದು ಸಿಟ್ಟಿನ ನೀರು. ಆಮೇಲೆ ಪ್ರತಿ ಭಾನುವಾರ ಅದೇ ಆಟ. ಒಬ್ಬರು ಹೇಳುವುದು, ಇನ್ನೊಬ್ಬರು ವಾಪಸ್ ಹೇಳುವುದು. ಮಗಳು ಅವರನ್ನು ದೊಡ್ಡಮ್ಮ ಎಂದು ಕರೆಯತೊಡಗಿದಳು. ಹಾಗೆ ಕರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಕನ್ನಡವಾದರೂ ಎಂಥದು? "ಎಂತ ಮಾಡುದು", "ನಂಗೆ ಬೇಕಿಲ್ಲ", "ಅಲ್ಲಿ ಉಂಟು". ನಮ್ಮ ಮನೆಯಲ್ಲಿ ಯಾರೂ ಆಡದ ಕನ್ನಡ. ನಮ್ಮಮ್ಮ ಫೋನಿನಲ್ಲಿ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕು, "ಅಂತೂ ಮಾತಾಡ್ತಲ್ಲೇ ಕೂಸು" ಎಂದು ಸಂಭ್ರಮಪಟ್ಟರು. ನನಗೆ ಅದನ್ನೂ ಸಹಿಸಲಾಗಲಿಲ್ಲ.

ಹೀಗಿರುವಾಗ ಅವರ ಒಂದು ತಪ್ಪು ನನ್ನ ಕೈಗೆ ಸಿಕ್ಕಿತು.

ತಿಂಡಿ ಅಂಗಡಿ ಮತ್ತು ಹೋಟೆಲುಗಳ ಭಾಗವನ್ನು ಅವರೇ ಬರೆದಿದ್ದರು, ಅದು ಅವರ ಮನೆಯ ವಿದ್ಯೆ. ಮಿಕ್ಕವರು ಅದನ್ನು ಓದಿ ನೋಡುವ ಗೋಜಿಗೂ ಹೋಗಿರಲಿಲ್ಲ. ನಗರಸಭೆಯ ಸಭೆಗೆ ಹೊರಡುವ ಮುನ್ನ ನಾನು ಸುಮ್ಮನೆ ಕಣ್ಣಾಡಿಸಿದೆ. ಅಲ್ಲೊಂದು ಸಾಲಿತ್ತು: ಅಡುಗೆಯ ಒಲೆ ಕಟ್ಟಡದ ಹಿಂಭಾಗದಲ್ಲಿರಬೇಕು, ರಸ್ತೆಯ ಕಡೆ ಇರಕೂಡದು. ಓದಿದ ಕೂಡಲೇ ನನ್ನ ಕಿವಿಯಲ್ಲಿ ಪರೋಟಾ ಕಲ್ಲಿನ ಮೇಲೆ ಕಬ್ಬಿಣದ ಸಟ್ಟುಗ ಬಡಿಯುವ ಸದ್ದು ಕೇಳಿಸಿತು. ನಮ್ಮ ಮನೆಯೂ ಅದೇ ಊರಿನಲ್ಲಿ, ಸಂಜೆ ಸ್ಟೇಷನ್ ಇಳಿದು ಬರುವಾಗ ದಾರಿಯುದ್ದಕ್ಕೂ ಅದೇ ಸದ್ದು, ಪರೋಟಾದ ಮೇಲೆ ಸುರಿಯುವ ಸಾಲ್ನಾದ ಅದೇ ಪರಿಮಳ. ನಮ್ಮದು ಮಾಂಸ ತಿನ್ನುವ ಮನೆ, ನಾನು ಅಲ್ಲಿಂದ ಎಷ್ಟೋ ಸಲ ಪೊಟ್ಟಣ ಕಟ್ಟಿಸಿ ತಂದದ್ದುಂಟು. ಆ ಅಂಗಡಿಗಳಿಗೆ ಹಿಂಭಾಗ ಎಂಬುದೇ ಇಲ್ಲ. ಕಲ್ಲು ರಸ್ತೆಗೆ ಮುಖ ಮಾಡಿಯೇ ಇರುತ್ತದೆ, ಕಾಣಿಸುವುದೇ ವ್ಯಾಪಾರ. ಬಜ್ಜಿ ಅಂಗಡಿ, ದೋಸೆಯ ತಳ್ಳುಗಾಡಿ, ಎಲ್ಲವೂ ಹಾಗೇ. ಉಡುಪಿ ಹೋಟೆಲಿನಲ್ಲಿ ಹುಟ್ಟಿದವರಿಗೆ ಒಲೆ ಎಂದರೆ ಒಳಗಿರುವುದು, ಹೊರಗಿನವರ ಕಣ್ಣಿಗೆ ಬೀಳದ್ದು. ಅವರು ವಾಪಸ್ ಹೇಳಿಸಿದ್ದೂ ಅಂಥ ಹೋಟೆಲುಗಳವರಿಂದಲೇ. ಅವರೆಲ್ಲ ಸರಿಯಾಗಿಯೇ ವಾಪಸ್ ಹೇಳಿದ್ದರು.

ನಾನು ಕಿವಿಯಲ್ಲಿ ಗುಟ್ಟಾಗಿ ಹೇಳುವವಳಲ್ಲ. ಆಯುಕ್ತರೂ ಕೌನ್ಸಿಲರುಗಳೂ ಕೂತ ಸಭೆಯಲ್ಲಿ, ಸಾರ್ ಆ ಸಾಲನ್ನು ಓದಿ ಮುಗಿಸುವುದನ್ನೇ ಕಾದು, ಎದ್ದು ನಿಂತು ನನ್ನ ಹರಕು ತಮಿಳಿನಲ್ಲೇ ಹೇಳಿದೆ. ಈ ನಿಯಮ ಬಂದರೆ ಸ್ಟೇಷನ್ ರಸ್ತೆಯಲ್ಲಿ ಪರೋಟಾ ಅಂಗಡಿ ಒಂದೂ ಉಳಿಯುವುದಿಲ್ಲ. ಅವರ ಒಲೆ ಮುಂದೆಯೇ ಇದೆ.

ಒಬ್ಬ ಕೌನ್ಸಿಲರ್ ಕೈಯಲ್ಲಿದ್ದ ಬಿಸ್ಕತ್ತನ್ನು ಹಾಗೆಯೇ ತಟ್ಟೆಗೆ ಇಟ್ಟರು. ಎಲ್ಲರೂ ಮೇಡಂ ಕಡೆ ತಿರುಗಿದರು. ನಾನೂ ತಿರುಗಿದೆ. ಆ ಮುಖ ಸಣ್ಣದಾಗುವುದನ್ನು ಎಷ್ಟು ದಿನದಿಂದ ಕಾದಿದ್ದೆ.

ಅವರು ಹಣೆ ಚಚ್ಚಿಕೊಂಡು ಗಟ್ಟಿಯಾಗಿ ನಕ್ಕರು. "ಅಯ್ಯೋ, ನಮ್ಮಪ್ಪನ ಹೋಟೆಲನ್ನೇ ಊರಿಗೆಲ್ಲ ಬರ್ದು ಇಟ್ಟೆ ನಾನು" ಎಂದು ನನಗೆ ಕನ್ನಡದಲ್ಲಿ ಹೇಳಿ, ಸಭೆಗೆ ತಮಿಳಿನಲ್ಲಿ ಹೇಳಿದರು. ತಪ್ಪು ತನ್ನದೇ, ಇದನ್ನು ಹಿಡಿದವರು ಇವರು, ಈ ಸಾಲನ್ನು ಇವರೇ ಬರೆಯಬೇಕು, ತನಗೆ ಬರುವುದಿಲ್ಲ. ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷ ನಾಟಕದ್ದಲ್ಲ. ಆಯುಕ್ತರು ಮೆಚ್ಚಿಕೊಂಡರು. ಮೆಚ್ಚಿದ್ದು ಅವರನ್ನೇ, ತಪ್ಪನ್ನು ಇಷ್ಟು ಧಾರಾಳವಾಗಿ ಒಪ್ಪಿಕೊಳ್ಳುವವರು ಅಪರೂಪ ಎಂದು. ತಪ್ಪು ಹಿಡಿದವಳು ನಾನು, ಶಭಾಸ್‌ಗಿರಿ ಅವರಿಗೆ. ಸೋಲುವುದರಲ್ಲೂ ಈ ಹೆಂಗಸು ನನಗಿಂತ ಮುಂದೆ ಎಂದು ಹಲ್ಲು ಕಚ್ಚಿಕೊಂಡೆ.

ಅಂದು ಸಂಜೆ ಅವರು ನನ್ನನ್ನು ಬಿಡಲಿಲ್ಲ. "ಯಾವ ಅಂಗಡಿ, ತೋರ್ಸಿ" ಎಂದು ಹಟ ಹಿಡಿದರು. ಸ್ಟೇಷನ್ ರಸ್ತೆಯ ಪರೋಟಾ ಅಂಗಡಿಯ ಮುಂದೆ, ಮಾಂಸದ ವಾಸನೆಗೆ ಸೆರಗನ್ನೂ ಮೂಗಿಗೆ ಹಿಡಿಯದೆ, ಪಕ್ಕದ ಅಂಗಡಿಯ ಟೀ ಹಿಡಿದುಕೊಂಡು ನಿಂತರು. ಪರೋಟಾ ಮಾಸ್ಟರ್ ಹಿಟ್ಟನ್ನು ಬೀಸಿ ಬೀಸಿ ತೆಳ್ಳಗೆ ಮಾಡುವುದನ್ನು ಕಣ್ಣು ಬಿಟ್ಟುಕೊಂಡು ನೋಡಿದರು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿಯೂ ತಾನು ಇತ್ತ ನೋಡಿಯೇ ಇರಲಿಲ್ಲ ಎಂದರು. ನಾನು ಅಲ್ಲೇ ನಿಂತು ಹೊಸ ಸಾಲು ಬರೆದೆ. ಒಲೆ ಎಲ್ಲಿಯಾದರೂ ಇರಲಿ, ಅದರ ಬೆಂಕಿಯಾಗಲಿ ಬಿಸಿ ಎಣ್ಣೆಯಾಗಲಿ ನಡೆದು ಹೋಗುವವರಿಗೆ ತಾಗಕೂಡದು. ಓದುವುದಕ್ಕೆ ಅವರು ಬಾಯಿ ಹಾಕಲಿಲ್ಲ. ನನ್ನ ತಮಿಳಿನಲ್ಲಿ ನಾನೇ ಓದಿದೆ.

ಮಾಸ್ಟರ್ ಸಟ್ಟುಗವನ್ನು ನಿಲ್ಲಿಸದೆಯೇ ಹೇಳಿದ: "ಕಲ್ಲು ಇಂಗಯೇ ಇರುಕ್ಕಲಾಂ. ಎಣ್ಣೆ ಮಟ್ಟುಂ ರೋಟ್ಟುಲ ಪೋರವಂಗ ಮೇಲ ತೆರಿಕ್ಕಕ್ಕೂಡಾದು." ಕಲ್ಲು ಇಲ್ಲೇ ಇರಬಹುದು, ಎಣ್ಣೆ ಮಾತ್ರ ದಾರಿಹೋಕರ ಮೇಲೆ ಸಿಡಿಯಕೂಡದು.

"ಸರಿ ಉಂಟು" ಎಂದರು ಮೇಡಂ. ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಮೂಲೆಯಲ್ಲಿ ಗೀಟು ಎಳೆದರು. "ನಿನ್ನ ಆರ್ಡರ್ ಒಳಗೆ ಹೋಯ್ತು ಮಾರಾಯ್ತಿ." ಅವರು ನನ್ನನ್ನು ನೀನು ಎಂದದ್ದು ಆಗಲೇ ಮೊದಲು. ನಾನು ಆಗಲೂ "ಥ್ಯಾಂಕ್ಸ್ ಮೇಡಂ" ಎಂದೆ.

ಹೊಸ ಪುಸ್ತಕ ತೆಳ್ಳಗೆ ಬಂತು. ವಸತಿ ಅಧ್ಯಾಯ ಒಂದು ಕೈಯಲ್ಲಿ ಹಿಡಿದು ಓದುವಷ್ಟಾಯಿತು. ಹಿಟ್ಟು ರುಬ್ಬುವವಳ ಪಕ್ಕದ ಮನೆಯವಳಿಗೂ ಅದರಲ್ಲಿ ಜಾಗ ಸಿಕ್ಕಿತು. ಆ ಸಾಲನ್ನು ಕೊನೆಗೂ ಚಂದ ಮಾಡಿದ್ದು ಮೇಡಂ, ಅದನ್ನು ನಾನು ಎಷ್ಟೇ ಸಲ ಓದಿದರೂ ನನ್ನದೆನಿಸಲಿಲ್ಲ. ಪರೋಟಾ ಕಲ್ಲಿನ ಸಾಲು ಮಾತ್ರ ನನ್ನದು. ಈಗಲೂ ಆ ರಸ್ತೆಯಲ್ಲಿ ಇಳಿದು ನಡೆಯುವಾಗ ಆ ಸದ್ದು ಕೇಳಿದರೆ ನನ್ನ ಕತ್ತು ತಾನಾಗಿ ಸ್ವಲ್ಪ ನೆಟ್ಟಗಾಗುತ್ತದೆ. ಆ ಸಾಲನ್ನು ನನಗೆ ಬಿಟ್ಟುಕೊಟ್ಟವರು ಯಾರೆಂಬುದು ಅದರ ಹಿಂದೆಯೇ ನೆನಪಾಗಿ ಮತ್ತೆ ಬಗ್ಗುತ್ತದೆ.

ಆಮೇಲೆ ಬೇರೆ ಬೇರೆ ಊರುಗಳ ಕೆಲಸ ಬಂತು, ಆಫೀಸು ದೊಡ್ಡದಾಯಿತು. ಅವರು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ, ಕೆಲಸವಿರಲಿ ಇಲ್ಲದಿರಲಿ. ಮಗಳು ಹತ್ತನೆಯ ಕ್ಲಾಸಿನಲ್ಲಿದ್ದಾಗ ಸಿಟ್ಟು ಬಂದರೆ ನನ್ನ ಮುಖಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಅವರ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಅವರು ಅತ್ತ ಕಡೆಯಿಂದ ಏನು ಹೇಳುತ್ತಿದ್ದರೋ, ಇವಳು ಇತ್ತ ಕಡೆ ಅದನ್ನು ವಾಪಸ್ ಹೇಳುತ್ತಿದ್ದಳು: "ನಾಳೆ ಅಮ್ಮನ ಹತ್ರ ಮೊದ್ಲು ನಾನೇ ಮಾತಾಡ್ಬೇಕು. ಹಾಂ." ಮರುದಿನ ಬೆಳಿಗ್ಗೆ ಬಂದು ನನ್ನ ಹತ್ತಿರ ಮಾತಾಡುತ್ತಿದ್ದಳು. ನನ್ನ ಮಗಳನ್ನು ನನಗೇ ವಾಪಸ್ ಕಳಿಸಿಕೊಡುತ್ತಿದ್ದರು. ಅದನ್ನು ನನ್ನ ಮೇಲಿನ ಅವರ ಋಣ ಎಂದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ, ಕಳಿಸಿಕೊಡುವ ಹಕ್ಕು ಅವರ ಕೈಯಲ್ಲಿ ಯಾಕಿರಬೇಕು ಎಂದೇ ಉರಿದೆ.

ಮಗಳು ಓದಲು ಕೊಯಮತ್ತೂರಿನ ಹಾಸ್ಟೆಲಿಗೆ ಹೋದ ವರ್ಷ ಅವರು ಹೋದರು. ಹೋಟೆಲಿನ ಮೇಲಿನ ಅದೇ ಮನೆಯಲ್ಲಿ. ಸುದ್ದಿ ತಿಳಿದು ನಾನು ಹೋದಾಗ ಕೆಳಗೆ ಒಲೆ ಆರಿಸಿ ಷಟರ್ ಅರ್ಧ ಇಳಿಸಿದ್ದರು. ಅಡುಗೆಯವರೂ ಸಪ್ಲಯರುಗಳೂ ಮೆಟ್ಟಿಲಿನ ಮೇಲೆ ಸಾಲಾಗಿ ಕೂತಿದ್ದರು. ಊರಿನಿಂದ ಅವರ ತಮ್ಮ ಬರಬೇಕಿತ್ತು, ಅಲ್ಲಿಯವರೆಗೆ ಕಾಯುವುದೆಂದು ಹೇಳಿದರು. ಇಡ್ಲಿ ಹಿಟ್ಟಿನ ಹೆಂಗಸು ನನಗಿಂತ ಮುಂಚೆಯೇ ಬಂದು ಅವರ ಕಾಲ ಬಳಿ ಕೂತಿದ್ದಳು. ಆ ಹೊತ್ತಿನಲ್ಲೂ, ನನಗಿಂತ ಮುಂಚೆ ಇವಳು ಹೇಗೆ ಬಂದಳು ಎಂದು ನನ್ನ ಮನಸ್ಸು ಕೇಳಿತು.

ಮಹಡಿಯಿಂದ ಇಳಿದು, ಮುಚ್ಚಿದ ಹೋಟೆಲಿನ ಮುಂದೆ ನಿಂತು ಮಗಳಿಗೆ ಫೋನ್ ಮಾಡಿದೆ.

"ಎಂತ ಆಯ್ತಮ್ಮಾ?" ಎಂದಳು.

"ದೊಡ್ಡಮ್ಮ ಹೋಗ್ಬಿಟ್ರು ಕಣೇ. ಬೆಳಿಗ್ಗೆ ಕಾಫಿ ಕುಡಿದು, ಸುಸ್ತು ಅಂತ ಮಲಗಿದ್ರಂತೆ. ಆಮೇಲೆ ಏಳ್ಲಿಲ್ಲ."

ಅವಳು ಒಂದೊಂದೇ ಮಾತಾಗಿ ಹೇಳಿದಳು. "ಬೆಳಿಗ್ಗೆ ಕಾಫಿ ಕುಡಿದು ಮಲಗಿದ್ರು. ಮತ್ತೆ ಏಳ್ಲಿಲ್ಲ."

"ಹೂಂ" ಎಂದೆ.

ಅವಳು ಅತ್ತಳು. ಅಳುವಾಗಲೂ ಅವಳದು ಅವರದೇ ಕನ್ನಡ. ನನ್ನ ಕನ್ನಡ ಅವಳ ಬಾಯಿಗೆ ಎಂದೂ ಬರುವುದಿಲ್ಲ, ನಾನು ಇರುವವರೆಗೂ ನನ್ನ ಮಗಳು ಮಹಡಿಯ ಮೇಲೆ ಮಲಗಿದ್ದ ಆ ಹೆಂಗಸಿನ ಮಾತಿನಲ್ಲೇ ನನ್ನನ್ನು ಅಮ್ಮಾ ಎಂದು ಕರೆಯುತ್ತಾಳೆ ಎಂದು ಅಲ್ಲಿ ನಿಂತಾಗ ನನಗೆ ಹೊಳೆಯಿತು. ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು. ಆ ಮಾತೂ ಇಲ್ಲದೆ ಹೋಗಿದ್ದರೆ ನನ್ನ ಹತ್ತಿರ ಅವಳು ಯಾವ ಮಾತು ಆಡುತ್ತಿದ್ದಳು ಎಂದೂ ಜೊತೆಯಲ್ಲೇ ಹೊಳೆಯಿತು.

ಮಗಳು ಮೂಗು ಒರೆಸಿಕೊಂಡು ದನಿ ಸರಿ ಮಾಡಿಕೊಂಡಳು. "ಅಮ್ಮಾ, ಕೇಳು. ನಾನು ಇವತ್ತಿನ ಬಸ್ಸಿಗೆ ಹೊರಡ್ತೇನೆ. ಬೆಳಿಗ್ಗೆ ತಾಂಬರಂನಲ್ಲಿ ಇಳೀತೇನೆ. ಅಲ್ಲಿಂದ ಸೀದಾ ದೊಡ್ಡಮ್ಮನ ಮನೆಗೆ. ನಾನು ಬರುವವರೆಗೆ ನೀನು ಅವರನ್ನು ಬಿಟ್ಟು ಹೋಗ್ಲಿಕ್ಕಿಲ್ಲ. ಗೊತ್ತಾಯ್ತಾ? ಒಮ್ಮೆ ವಾಪಸ್ ಹೇಳು."

ಮೆಟ್ಟಿಲ ಮೇಲೆ ಕೂತಿದ್ದ ಸಪ್ಲಯರುಗಳು ನನ್ನನ್ನೇ ನೋಡುತ್ತಿದ್ದರು.

"ಇವತ್ತಿನ ಬಸ್ಸಿಗೆ ಹೊರಡ್ತೀಯ" ಎಂದೆ. "ಬೆಳಿಗ್ಗೆ ತಾಂಬರಂನಲ್ಲಿ ಇಳೀತೀಯ. ಸೀದಾ ಇಲ್ಲಿಗೆ ಬರ್ತೀಯ. ಅಲ್ಲೀವರೆಗೂ ನಾನು ಅಕ್ಕನ್ನ ಬಿಟ್ಟು ಹೋಗಲ್ಲ."

ಅಕ್ಕ ಎಂಬ ಮಾತು ನನ್ನ ಬಾಯಿಗೆ ಬಂದದ್ದು ಅದೇ ಮೊದಲು.

"ಸರಿ ಉಂಟು" ಎಂದು ಮಗಳು ಫೋನ್ ಇಟ್ಟಳು.